ಬ್ರೆಡ್ಡಿನ ಮಾದಲಿ

ಹೊಗಳಿಕೆ ಬೇಡ ಎನ್ನುವವರನ್ನು ನಾನು ನಂಬುವುದಿಲ್ಲ. ನನಗಂತೂ ಬೇಕು, ಅದೂ ನಮ್ಮ ಅತ್ತೆಯ ಬಾಯಿಂದಲೇ ಬೇಕು. ಬಸವನ ಬಾಗೇವಾಡಿಯಿಂದ ಇಂಡಿಗೆ ಸೊಸೆಯಾಗಿ ಬಂದಾಗಿನಿಂದ ಈ ಒಂದು ಆಸೆಗಾಗಿ ಎಷ್ಟು ಹೂರಣ ರುಬ್ಬಿದ್ದೇನೋ ಆ ದೇವರಿಗೇ ಗೊತ್ತು. ಅತ್ತೆ ಕೆಟ್ಟವರಲ್ಲ. ಆದರೆ ಓಣಿಯಲ್ಲಿ ಮಾದಲಿ ಎಂದರೆ ಅವರದೇ. ಗೋದಿಯ ದಪ್ಪ ಚಪಾತಿ ಪುಡಿ ಮಾಡಿ ಬೆಲ್ಲ ಬೆರೆಸುವ ಆ ಸಿಹಿಗೆ ಮದುವೆ ಮನೆಯವರೂ ಅವರನ್ನೇ ಕರೆಯುತ್ತಾರೆ. ಅಂಥವರು ಬೇರೆಯವರ ಸಿಹಿಯನ್ನು ಮರ್ಯಾದೆಗೆ ಒಂದು ಸಲ ನೀಡಿಸಿಕೊಂಡು, ತಿಂದು, ಕೈ ತೊಳೆದುಬಿಡುತ್ತಾರೆ. ಅವರು 'ಇನ್ನೊಂದೀಟ ನೀಡು' ಎಂದರೆ ಅದೇ ಪದಕ. ನನಗೆ ಅದು ಸಿಕ್ಕಿರಲಿಲ್ಲ.

ಮಾದಲಿಯಲ್ಲಿ ಅವರನ್ನು ಸೋಲಿಸುವುದು ಆಗದ ಮಾತು. ಅದಕ್ಕೇ ಮೊಬೈಲಿನಲ್ಲಿ ನೋಡಿದ ಬ್ರೆಡ್ ಪುಡಿಂಗ್ ಹಿಡಿದೆ. ನಮ್ಮ ಕಡೆ ಬ್ರೆಡ್ ಎಂದರೆ ದವಾಖಾನೆಗೆ ಒಯ್ಯುವ ವಸ್ತು ಎಂಬುದು ಆ ಹುರುಪಿನಲ್ಲಿ ಮರೆತೇಹೋಗಿತ್ತು. ಬೇಕರಿಯ ರಜಾಕಸಾಬ ಕಟ್ಟಿಕೊಡುತ್ತ, "ಎರಡೆರಡ ಒಯ್ಯಾಕತ್ತೀರಿ ಅಕ್ಕಾರ, ಮನ್ಯಾಗ ಯಾರಿಗಿ ಆರಾಮಿಲ್ರಿ?" ಎಂದ. "ನಮ್ಮ ಅತ್ತಿಗಿ ತಿನಸೂದೈತಿ" ಎಂದು ಗಡಿಬಿಡಿಯಲ್ಲಿ ಹೇಳಿ ಬಂದೆ. ಇಂಡಿಯಲ್ಲಿ ಸುದ್ದಿಗೆ ಇಷ್ಟು ಸಾಕು.

ಅತ್ತೆ ಚೀಲ ನೋಡಿದವರೇ, "ಇದು ಜಡ್ಡಿನ ಮಂದಿ ತಿನ್ನೂದು. ಗಟ್ಟಿಮುಟ್ಟ ಇದ್ದವರ ಮನಿಗಿ ಯಾಕ ತಂದಿ? ನಾ ಅಂತೂ ಮುಟ್ಟಂಗಿಲ್ಲ" ಎಂದರು. ನನಗೆ ಛಲ ಬಂತು. ಕ್ಯಾರಮೆಲ್‌ಗೆಂದು ಒಲೆಯ ಮೇಲಿಟ್ಟ ಸಕ್ಕರೆ ಮೊದಲ ಸಲ ಕಪ್ಪಾಗಿ ಹೊಗೆಯಾಡಿತು. ನಮ್ಮ ಯಜಮಾನರಿಗೆ ತಕ್ಷಣ ಹೊಲದ ಕೆಲಸ ನೆನಪಾಯಿತು. ಎರಡನೆಯ ಸಲ ಜೇನಿನ ಬಣ್ಣ ಬಂದೊಡನೆ ಡಬ್ಬಿಗೆ ಸುರಿದೆ. ನಮ್ಮದು ಮೊಟ್ಟೆ ಬರದ ಮನೆ, ಹಾಗಾಗಿ ಹಾಲಿಗೆ ಕಸ್ಟರ್ಡ್ ಪುಡಿ ಕದಡಿ ಬ್ರೆಡ್ ಚೂರು ನೆನೆಸಿದೆ. ಬಾಳೆಹಣ್ಣು, ನಮ್ಮ ಕಡೆಯದೇ ಒಣದ್ರಾಕ್ಷಿ ಮಣೂಕ, ಗೋಡಂಬಿ, ಮೇಲೊಂದು ಮುಷ್ಟಿ ಹುರಿದ ಶೇಂಗಾ. ಓವನ್ ಇಲ್ಲದ್ದಕ್ಕೆ ಕುಕ್ಕರಿನ ತಳಕ್ಕೆ ಉಪ್ಪು ಹಾಸಿ, ಸೀಟಿ ತೆಗೆದು, ಸಣ್ಣ ಉರಿಯಲ್ಲಿ ಬೇಯಲು ಇಟ್ಟೆ.

ಅದು ಬೆಂದು ಆರುವ ಹೊತ್ತಿಗೆ ಬಾಗಿಲಲ್ಲಿ ಪಕ್ಕದ ಮನೆಯ ನೀಲಮ್ಮಕಾಕು ಪ್ರತ್ಯಕ್ಷರಾದರು. ಹಿಂದೆ ಓಣಿಯ ಇನ್ನೂ ನಾಲ್ಕು ಮಂದಿ, ಎಲ್ಲರ ಕೈಯಲ್ಲೂ ಬ್ರೆಡ್ಡು. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದ ಅತ್ತೆಯನ್ನು ನೋಡಿ ಕಾಕುವಿಗೆ ಕೊಂಚ ನಿರಾಸೆಯೇ ಆಯಿತು.

"ಶಾಂತಕ್ಕಾ, ಮಲಗೂದು ಬಿಟ್ಟು ಇದೇನ ಮಾಡಾಕತ್ತೀ?"

"ಹಗಲೊತ್ತಿನ್ಯಾಗ ಯಾಕ ಮಲಗಲಿ?"

"ನಿನಗ ಬ್ರೆಡ್ ಶುರು ಮಾಡ್ಯಾರಂತ ಬೇಕರ್ಯಾಗ ಕೇಳಿದ್ವಿ."

ಅತ್ತೆ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ನನಗೆ ಬಾಗೇವಾಡಿಯ ಬಸ್ಸು ಕಾಣಿಸಿತು.

ಆದರೆ ಮನೆಗೆ ಬಂದವರನ್ನು ಬಾಯಿಗೇನೂ ಕೊಡದೆ ಕಳಿಸುವಂತಿಲ್ಲ, ಇದ್ದದ್ದು ಅದೊಂದೇ. ಗುರುವಿನ ಹೆಸರು ಹೇಳಿ ಡಬ್ಬಿಯನ್ನು ತಾಟಿಗೆ ಬೋರಲು ಹಾಕಿದೆ. ಪುಡಿಂಗ್ ಒಂದಿಷ್ಟೂ ಮುರಿಯದೆ ಇಳಿಯಿತು, ಕ್ಯಾರಮೆಲ್ ಸುತ್ತಲೂ ಹರಿಯಿತು. ಕಾಕು ಒಂದು ತುತ್ತು ತಿಂದು ಮಾತು ನಿಲ್ಲಿಸಿದರು. ಅವರು ಮಾತು ನಿಲ್ಲಿಸುವುದನ್ನು ನಾನು ನೋಡಿದ್ದು ಅದೇ ಮೊದಲು. "ಏನ್ ಸಿಹಿರಿ ಇದು?" ಎಂದು ಇನ್ನೊಬ್ಬರು ಕೇಳಿದರು. ಬಂದವರ ಎದುರು ತಮ್ಮ ಮನೆಯ ಸಿಹಿಯನ್ನು ತಾವೇ ಮುಟ್ಟದಿದ್ದರೆ ಹೇಗೆ? ಅತ್ತೆ ತಾಟು ಹಿಡಿದರು. ಮಾದಲಿಗೆ ಹಾಕಿಕೊಳ್ಳುವಂತೆ ಪುಡಿಂಗಿನ ಮೇಲೆ ಬಿಸಿ ಹಾಲು, ಅದರ ಮೇಲೆ ತುಪ್ಪ ಸುರಿದರು. ನನ್ನ ಜೀವ ಹಾರಿತು. ಅವರು ನಿಧಾನವಾಗಿ ಅಗಿದರು, ತಾಟು ಬಳಿದರು, ಮುಂದೆ ಚಾಚಿದರು.

"ಇದು ಮಾದಲಿ ಜಾತೀದ ಐತಿ. ಇನ್ನೊಂದೀಟ ನೀಡು."

ನೀಡಿದೆ. ಅಷ್ಟು ಸಂತೋಷ ನನಗೆ ಬಿ.ಎಡ್. ಪಾಸಾದಾಗಲೂ ಆಗಿರಲಿಲ್ಲ. ಆ ಸಂಜೆಯೆಲ್ಲ ಅಡುಗೆ ಮನೆಯಲ್ಲಿ ಸುಮ್ಮಸುಮ್ಮನೆ ಹಾಡಿಕೊಂಡೆ.

ಮರುವಾರ ಮುದ್ದೇಬಿಹಾಳದಿಂದ ನಾದಿನಿಯ ಫೋನು ಬಂತು. "ವೈನಿ, ಅವ್ವ ಬ್ರೆಡ್ಡಿನ ಮಾದಲಿ ಭಾಳ ಚಲೋ ಮಾಡ್ತಾಳಂತ, ಸಿಂದಗಿ ಬೀಗರೂ ಹೇಳಾಕತ್ತಾರ. ಆಕಿ ಕೈ ಗಟ್ಟಿ ಇರೂದ್ರಾಗ ನೀವೂ ಕಲತುಕೋರಿ."

ಅತ್ತೆ ಪಕ್ಕದಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದರು.

"ಹೂಂರಿ, ಕಲೀತೇನಿ" ಎಂದೆ.