ಸದ್ದಿಲ್ಲದ ಸಿಂಥಸೈಜರ್

ಗುಮಾಸ್ತ ಬೆಳಗಿನ ಪಾತ್ರೆಗಳಿಗೆ ಸೋಪು ಹಚ್ಚಿ ಮುಗಿಸಿದ್ದ, ತೊಳೆಯುವುದಷ್ಟೇ ಬಾಕಿ. ಅಷ್ಟರಲ್ಲಿ ಹೆಂಡತಿ ಕೆಲಸಕ್ಕೆ ಹೊರಡುತ್ತ ನೆನಪಿಸಿದಳು.

"ಇವತ್ತೇ ಕೊನೇ ದಿನ ರೀ. ಸಂಜೆ ಐದಕ್ಕೆ ಅಂಗಡಿಯವನು ಬರ್ತಾನೆ. ಅಷ್ಟರೊಳಗೆ ಅದು ಹಾಡಿದ್ರೆ ಇರ್ಲಿ, ಇಲ್ದಿದ್ರೆ ವಾಪಸ್."

ಅದು ಊಟದ ಮೇಜನ್ನು ಪೂರ್ತಿ ನುಂಗಿಕೊಂಡು ಮಲಗಿದ್ದ ಸಂಗೀತದ ಕೀಬೋರ್ಡು. ಅದಕ್ಕೆ ಸ್ವಂತ ಗಂಟಲಿಲ್ಲ. ಕೀಲಿ ಒತ್ತಿದರೆ ಕಂಪ್ಯೂಟರಿನೊಳಗಿನ ಸಿಂಥಸೈಜರ್ ಎಂಬ ಸ್ವರ ಹೊರಡಿಸುವ ತಂತ್ರಾಂಶ ಹಾಡಬೇಕು. ಹದಿನೆಂಟು ವರ್ಷ ಬೇರೆಯವರ ಅರ್ಜಿಗಳನ್ನೇ ಕುಟ್ಟಿದ ಬೆರಳುಗಳಿಂದ ತನ್ನದೊಂದು ರಾಗ ನುಡಿಸಬೇಕೆಂದು ಅವನಿಗೆ ಆಸೆ. ರಜೆ ಸಿಕ್ಕಿದ್ದು ಇವತ್ತೊಂದೇ ದಿನ.

ಕೈ ಒರೆಸಿಕೊಂಡು ಕಂಪ್ಯೂಟರಿಗೆ ಅದರ ತಂತಿ ಸಿಕ್ಕಿಸಿ ಕೀಲಿ ಒತ್ತಿದ. ಪರದೆಯ ಮೇಲೆ ಹಸಿರು ಪಟ್ಟಿ ಕುಣಿಯಿತು. ಕಿವಿಗೆ ಮಾತ್ರ ಏನೂ ಇಲ್ಲ.

"ಅಪ್ಪಾ, ಒಂದು ಕೇಳ್ಲಾ?" ಎಂದಳು ಮಗಳು.

"ಆಮೇಲೆ ಪುಟ್ಟೀ."

ಕಂಪ್ಯೂಟರಿನ ಧ್ವನಿ ಏರಿಸಿ ಮತ್ತೆ ಒತ್ತಿದ. ಯಾರೋ ಬಾಗಿಲು ಬಡಿದರು. ಇಕ್ಕಳ, ಇಸ್ತ್ರಿಪೆಟ್ಟಿಗೆ, ಸ್ಪೀಕರು ಎಂದು ಈ ಮನೆಯ ಅರ್ಧ ಸಂಸಾರವನ್ನೇ ಎರವಲು ಒಯ್ದಿದ್ದ ಮೇಲಿನ ಮನೆಯ ಅಜ್ಜಿ ಏದುಸಿರು ಬಿಡುತ್ತ ನಿಂತಿದ್ದರು.

"ನಮ್ಮನೇಲಿ ಏನೋ ನರಳ್ತಿದೆ ಕಣಪ್ಪಾ! ಬಾ, ನೋಡು ಬಾ!"

ಅವನು ಮೆಟ್ಟಿಲು ಹತ್ತಿದ. ಅಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಇಳಿದು ಬಂದು ಇನ್ನೂ ಜೋರಾಗಿ ಒತ್ತಿದ. ಅಜ್ಜಿ ಮತ್ತೆ ಬಂದರು. "ಈಗ ಕಿರುಚ್ತಿದೆ!"

ಹೀಗೆ ನಾಲ್ಕು ಸಲ. ಮೊಣಕಾಲು ಹಳೇ ಬಾಗಿಲಿನಂತೆ ಕಿರುಗುಟ್ಟತೊಡಗಿತು. ಇಡೀ ಮನೆಯಲ್ಲಿ ಸದ್ದು ಮಾಡಿದ್ದು ಅದೊಂದೇ.

ಅಜ್ಜಿ ನಲ್ಲಿ ರಿಪೇರಿಯವನನ್ನು ಕರೆಸಿದರು. ಅವನು ಗೋಡೆಗೆ ಕಿವಿಯಿಟ್ಟು ತೀರ್ಪು ಕೊಟ್ಟ: "ಪೈಪಲ್ಲಿ ಗಾಳಿ ಸೇರಿದೆ. ಮೋಟಾರು ಬಿಚ್ಚಬೇಕು. ಸಾರ್, ನೀವು ಸುಮ್ನೇ ಇದೀರಲ್ಲ, ಟಾರ್ಚ್ ಹಿಡೀರಿ."

ಕಟ್ಟಡಕ್ಕೆಲ್ಲ ನೀರು ನಿಂತಿತು. "ರಜೆ ಹಾಕಿ ನಮ್ಮ ನೀರು ನಿಲ್ಲಿಸಿದ್ರಾ?" ಎಂದು ಎದುರುಮನೆಯಾಕೆ ಖಾಲಿ ಬಕೆಟ್ ತೋರಿಸಿದಳು. ಟಾರ್ಚ್ ಹಿಡಿದವನಿಗೆ ಮಧ್ಯಾಹ್ನ ಹೋದದ್ದೇ ಗೊತ್ತಾಗಲಿಲ್ಲ.

"ಅಪ್ಪಾ, ಈಗ..."

"ಆಮೇಲೆ ಕಂದಾ."

ಐದಕ್ಕೆ ಅಂಗಡಿಯವನು ಬಂದ. ಗುಮಾಸ್ತ ಕೊನೆಯದಾಗಿ ಹತ್ತೂ ಬೆರಳನ್ನು ಒಟ್ಟಿಗೆ ಊರಿದ. ಹಸಿರು ಪಟ್ಟಿ ನೆಗೆಯಿತು, ಅಷ್ಟೇ. ಮಗುವಿಗೆ ಹೊದಿಸುವ ಹಾಗೆ ಕೀಬೋರ್ಡಿಗೆ ಬಟ್ಟೆ ಸುತ್ತಿ ಕೊಟ್ಟು ಕಳಿಸಿದ.

ಸ್ವಲ್ಪ ಹೊತ್ತಿಗೆ ಅಜ್ಜಿ ನಗುತ್ತ ಇಳಿದು ಬಂದರು. "ಐದು ಗಂಟೆಗೆ ಒಂದು ಸಲ ಬೊಬ್ಬೆ ಹೊಡೀತು ನೋಡು, ಆಮೇಲೆ ಉಸಿರೇ ಇಲ್ಲ! ಎಲ್ಲ ನಿನ್ನ ಕೈಗುಣ ಕಣಪ್ಪಾ!"

ಅವನು ಬರಿದಾದ ಮೇಜಿನ ಮೇಲೆ ತಲೆಯಿಟ್ಟ. ಪಾತ್ರೆಗಳ ಮೇಲೆ ಸೋಪು ಒಣಗಿ ಬೆಳ್ಳಗಾಗಿತ್ತು. ನಲ್ಲಿಯಲ್ಲಿ ಇನ್ನೂ ನೀರಿಲ್ಲ.

"ಈಗ ಕೇಳ್ಲಾ ಅಪ್ಪಾ?"

"ಕೇಳಮ್ಮಾ."

"ತಂತಿ ಇಲ್ದೇನೇ ನಮ್ಮ ಕಂಪ್ಯೂಟರ್ ಹಾಡನ್ನ ಹಾಡ್ತಿತ್ತಲ್ಲ, ಅಜ್ಜಿ ಒಯ್ದ ಆ ಸ್ಪೀಕರು, ಅದು ಮೇಲೆ ಅವರ ಕಪಾಟಿನ ಹಿಂದೆ ಇನ್ನೂ ಆನ್ ಆಗೇ ಇದೆ. ನೀನು ಇವತ್ತು ನುಡಿಸಿದ್ದೆಲ್ಲ ಅಲ್ಲೇ ಕೇಳಿಸ್ತಿತ್ತಾ?"