ತಂಬೂರಿ ಅಪ್ಪಿ ಕೂತ ಬಿ.ಎ.

ಮನೆತನದಲ್ಲಿ ಮೊದಲು ಪದವಿ ಪಡೆದವನಿಗೆ ಒಂದು ಶಾಪವಿರುತ್ತದೆ: ಕೆಟ್ಟ ಮಿಕ್ಸರಿನಿಂದ ಹಿಡಿದು ಕುಂಟುವ ಎಮ್ಮೆಯವರೆಗೆ ಎಲ್ಲವೂ ಅವನ ಮುಂದೆ ಬಂದು ನಿಲ್ಲುತ್ತವೆ. ನಾನು ಓದಿದ್ದು ಇತಿಹಾಸ. ಕಾರ್ಖಾನೆಯಲ್ಲಿ ನೂಲಿನ ಗಂಟು ಹೊತ್ತು, ಇಂಗ್ಲಿಷನ್ನು ಮೂರನೆಯ ಸಲಕ್ಕೆ ಪಾಸಾಗಿ ಗಳಿಸಿದ ಬಿ.ಎ. ಅದು. ಹೀಗಾಗಿ "ನನಗೆ ಬರುವುದಿಲ್ಲ" ಎಂಬ ಮಾತು ನನ್ನ ಬಾಯಿಂದ ಹೊರಡುವುದೇ ಇಲ್ಲ.

ಗಡಿಯಾಚೆಯ ಮಗ್ಗದೂರು ಕೊರೋಚಿಯ ನಮ್ಮ ಮನೆಯಲ್ಲಿ ಅಪ್ಪನ ತಂಬೂರಿಯ ಹಲಗೆ ಸೋರೆಬುರುಡೆಯಿಂದ ಬಿಟ್ಟುಕೊಂಡಾಗಲೂ ಹಾಗೆಯೇ ಆಯಿತು. ಮರುದಿನ ಸಂಜೆ ಗಡಹಿಂಗ್ಲಜ ಕಡೆಯ ನೂಲ ಗ್ರಾಮದಲ್ಲಿ ಭಜನೆ. ಆ ತಂಬೂರಿಯಿಲ್ಲದೆ ಅಪ್ಪನಿಗೆ ದನಿಯೇ ಏಳದು. "ಮಿರಜಿಗಿ, ತಂಬೂರಿ ಮಾಡಾವ್ರ ಕಡೆ ಒಯ್ಯಾಕ ಹೊತ್ತಿಲ್ಲ. ಮನ್ಯಾಗ ಬಿ.ಎ. ಅದಾನಲ್ಲ, ಅಂವಾ ಹಚ್ಚತಾನ" ಎಂದು ಅಪ್ಪ ಮಗ್ಗದ ಪಾಳಿಗೆ ಹೋದರು.

ಅಂಟು ಹಚ್ಚುವುದು ಸುಲಭ. ಒಣಗುವವರೆಗೆ ಒತ್ತಿ ಹಿಡಿಯುವುದೇ ಕಷ್ಟ. ರುಬ್ಬುವ ಗುಂಡು ಹೇರಿದೆ. ಬುರುಡೆ ಹೊರಳಿ ಗುಂಡು ನನ್ನ ಕಾಲ್ಬೆರಳ ಮೇಲೆ ಇಳಿಯಿತು. ಹಗ್ಗ ಕಟ್ಟಿದೆ, ಬಡಕಲು ಮನುಷ್ಯನ ಧೋತರದಂತೆ ಜಾರಿತು. ಬಟ್ಟೆ ಒಣಹಾಕುವ ಚಿಮಟಿಗೆಗಳನ್ನು ಸುತ್ತಲೂ ಕಚ್ಚಿಸಿದೆ. ಟಪ್ ಟಪ್ಪೆಂದು ಹಾರಿದವು, ಅದರಲ್ಲೊಂದು ಸಾರಿನ ಪಾತ್ರೆಗೆ ಬಿತ್ತು. ಕೊನೆಗೆ ನೆಲಕ್ಕೆ ಕೂತು, ತಂಬೂರಿಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ನಾನೇ ಅಪ್ಪಿ ಹಿಡಿದೆ. ಹೆಂಡತಿ ಶೋಭಾ ಸೌಟು ಹಿಡಿದು ಬಂದು ನೋಡಿದಳು. "ನನ್ನ ಯಾವತ್ತರ ಹಿಂಗ ಹಿಡದೀರೇನ್ರಿ?"

ಪಾಳಿ ಮುಗಿಸಿ ಬಂದ ಅಪ್ಪ ನಮ್ಮಿಬ್ಬರನ್ನೂ, ಅಂದರೆ ನನ್ನನ್ನೂ ತಂಬೂರಿಯನ್ನೂ, ಒಂದು ಸುತ್ತು ನೋಡಿದರು. "ತಂತಿ ಸಡ್ಲ ಮಾಡೀಯೇನೋ?"

ಮಾಡಿರಲಿಲ್ಲ. ನಾನು ಒತ್ತಿದಷ್ಟೂ ತಂತಿಗಳು ಹಲಗೆಯನ್ನು ಎಳೆದು ಎಬ್ಬಿಸುತ್ತಿದ್ದವು. ಅಪ್ಪ ಬಿರಡೆ ತಿರುವಿ ತಂತಿ ಸಡಿಲಿಸಿದರು, ಹೊಸದಾಗಿ ಅಂಟು ಸವರಿದರು. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಪಟ್ಟಿಯಾಗಿ ಕತ್ತರಿಸಿ, ಮಗ್ಗದ ಬೀಮಿಗೆ ಎಳೆ ಸುತ್ತಿದ ಹಾಗೆ ಹಲಗೆ, ಬುರುಡೆ ಸೇರಿಸಿ ಸುತ್ತುತ್ತ ಹೋದರು. "ಎಲ್ಲಾ ಕಡೆ ಒಂದ ಬಿಗಿ ಇರಬೇಕಪಾ. ಒಂದ ಕಡೆ ಜಗ್ಗಿದ್ರ ಇನ್ನೊಂದ ಕಡೆ ಏಳತೈತಿ." ಚಹಾ ಕುದಿಯುವುದರೊಳಗೆ ಕೆಲಸ ಮುಗಿದಿತ್ತು.

ನೂಲದಲ್ಲಿ ತಂಬೂರಿ ಜುಂ ಎಂದಿತು. ಹಾಡುವ ಮುಂಚೆ ಅಪ್ಪ ಎಲ್ಲರಿಗೂ ಕೇಳುವಂತೆ, "ನಮ್ಮ ಹುಡುಗ ಜೋಡಿಸ್ಯಾನ್ರಿ. ಬಿ.ಎ. ಆಗ್ಯಾನ!" ಎಂದರು. ನಿಜ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ತಾಳ ಶುರುವಾಯಿತು. ನಾನೂ ಚಪ್ಪಾಳೆ ತಟ್ಟಿದೆ.

ಮುಂದಿನ ಭಾನುವಾರ ಗಡಹಿಂಗ್ಲಜದಿಂದ ಒಬ್ಬರು ತಮ್ಮ ತಂಬೂರಿಯನ್ನು ಕೌದಿಯಲ್ಲಿ ಸುತ್ತಿ, ಎಸ್.ಟಿ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. "ಸರ, ಹೇ ಪಣ ಜರಾ ಬಘಾ. ಇದನ್ನೂ ಒಂಚೂರ ಜೋಡಿಸಿ ಕೊಡ್ರಿ." ನಾನು ಕನ್ನಡಕ ಏರಿಸಿ, ಬುರುಡೆಯನ್ನು ಬೆರಳಿನಿಂದ ತಟ್ಟಿ, "ಮೊದಲು ತಂತಿ ಸಡ್ಲ ಮಾಡಬೇಕಾಗತೈತಿ ನೋಡ್ರಿ" ಎಂದು ಗಂಭೀರವಾಗಿ ಹೇಳಿದೆ. ಆಮೇಲೆ ಒಳಗೆ ಹೋಗಿ ಅಪ್ಪನನ್ನು ಎಬ್ಬಿಸಿದೆ.