ಟರ್ಕಿ ಪಕ್ಕದ ಪಲ್ಯಗಳು

ಟರ್ಕಿ ಕೋಳಿ ಓವನ್ನಿಗೆ ಹೋದಮೇಲೆ ತನ್ನಷ್ಟಕ್ಕೆ ತಾನೇ ಬೇಯುತ್ತದೆ. ಬೇಯಿಸಿದೆ ಅಂತ ಎದೆ ಉಬ್ಬಿಸುವುದು ಮಾತ್ರ ಗಂಡಸು. ವರ್ನಾಳಿಗೆ ಈ ಬ್ರಹ್ಮಜ್ಞಾನವಾಗಿ ಬಹಳ ಕಾಲವಾಗಿತ್ತು. ಪ್ರತಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೂ ಅವಳ ಗಂಡ ಮರ್ಲ್ ಕೋಳಿಯನ್ನು ಒಳಗೆ ತಳ್ಳಿ ಟೀವಿಯ ಫುಟ್‌ಬಾಲ್ ಮುಂದೆ ಕಾಲು ಚಾಚುತ್ತಿದ್ದ. ಅವಳು ಆಲೂಗಡ್ಡೆ ಹಿಸುಕಿ, ಬೀನ್ಸ್ ಸೋಸಿ, ಸಿಹಿಗೆಣಸಿನ ಮೇಲೆ ಮಾರ್ಷ್‌ಮೆಲೋ ಮಿಠಾಯಿ ಹರಡಿ ಸೊಂಟ ಮುರಿದುಕೊಳ್ಳುತ್ತಿದ್ದಳು. ಮಧ್ಯಾಹ್ನ ಮರ್ಲ್ ಚಾಕು ಝಳಪಿಸಿ ಕೋಳಿ ಕೊಯ್ದರೆ ಮನೆಮಂದಿಯೆಲ್ಲ ಚಪ್ಪಾಳೆ. (ಆಲೂಗಡ್ಡೆಗೆ ಚಪ್ಪಾಳೆ ಹೊಡೆದವರನ್ನು ಇಂಡಿಯಾನಾ ರಾಜ್ಯ ಇನ್ನೂ ಕಂಡಿಲ್ಲ.)

ಹೋದ ವರ್ಷ ನಾದಿನಿ ಕಾರ್ಲಿಸ್ ಬೆರಳು ಚೀಪುತ್ತಾ, "ಅತ್ತಿಗೆ, ನಿಂದು ಪುಣ್ಯ. ಭಾರದ ಕೆಲಸ ಎಲ್ಲಾ ಅಣ್ಣನೇ ಮಾಡ್ತಾನೆ" ಅಂದಿದ್ದಳು. ಆ ಮಾತು ವರ್ನಾಳ ಹೊಟ್ಟೆಯಲ್ಲಿ ವರ್ಷವಿಡೀ ಅರಗದೆ ಕೂತಿತ್ತು.

ಈ ನವೆಂಬರ್ ಬಂದದ್ದೇ ಅವಳು ಫೋನು ಹಿಡಿದು ಘೋಷಿಸಿದಳು: ತನಗೆ ವಯಸ್ಸಾಯಿತು, ಪಲ್ಯಗಳನ್ನೆಲ್ಲ ಎಲ್ಲರೂ ಹಂಚಿಕೊಂಡು ಮಾಡಿ ತರಬೇಕು. ಸಿಹಿಗೆಣಸು ಕಾರ್ಲಿಸ್‌ಗೆ, ಆಲೂಗಡ್ಡೆ, ಬೀನ್ಸ್ ಸೊಸೆ ಟ್ಯಾಮ್ಸಿನ್‌ಗೆ. ಕಾರ್ಲಿಸ್ ನೀರನ್ನೂ ಸೀಯಿಸುವವಳು. ಟ್ಯಾಮ್ಸಿನ್‌ಗೆ ಆಲೂಗಡ್ಡೆ ಮಣ್ಣಿನಿಂದ ಬರುತ್ತದೆ ಅನ್ನುವುದೇ ಅನುಮಾನ. ವರ್ನಾ ಇದನ್ನೆಲ್ಲ ತಿಳಿದೇ ಹಂಚಿದ್ದಳು. ಮೇಜಿನ ಸುತ್ತ ಎಲ್ಲರೂ ಬಾಯಿಗಿಟ್ಟದ್ದನ್ನು ನುಂಗಲಾರದೆ ತನ್ನ ಮುಖ ನೋಡಬೇಕು, ಆಗ ತಾನು ಎದ್ದು ಹೋಗಿ ಎಲ್ಲರನ್ನೂ ಉದ್ಧಾರ ಮಾಡಬೇಕು. ಅದಕ್ಕಾಗಿ ಹಿಂದಿನ ದಿನವೇ, ಮರ್ಲ್ ಕಟಿಂಗ್‌ಗೆ ಹೋದ ಹೊತ್ತು ನೋಡಿ, ಎಲ್ಲ ಪಲ್ಯಗಳನ್ನೂ ತಾನೇ ಮಾಡಿ ಗ್ಯಾರೇಜಿನ ಹಳೇ ಫ್ರಿಜ್ಜಿನಲ್ಲಿ ಬಚ್ಚಿಟ್ಟಳು. ಪಿಂಗಾಣಿ ಪಾತ್ರೆ ಮಾಯವಾದರೆ ಗುಟ್ಟು ರಟ್ಟಾದೀತೆಂದು ಅಲ್ಯೂಮಿನಿಯಂ ಹಾಳೆಯ ತಟ್ಟೆಗಳಲ್ಲಿಟ್ಟಳು.

ಊಟಕ್ಕೆ ಕೂತರು. ಸೊಸೆ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಹಿಸುಕಿ ಬೆಳ್ಳುಳ್ಳಿ ಹಾಕಿದ್ದಳು. ಕಾರ್ಲಿಸ್ ಸಿಹಿಗೆಣಸಿಗೆ ಮಾರ್ಷ್‌ಮೆಲೋ ಬಿಟ್ಟು ನಿಂಬೆರಸ, ಮೆಣಸಿನಪುಡಿ ಹಾಕಿದ್ದಳು. ವರ್ನಾ ಒಬ್ಬೊಬ್ಬರ ಬಾಯನ್ನೇ ನೋಡುತ್ತಾ ಕಾದಳು. ಯಾರೂ ಅವಳ ಮುಖ ನೋಡಲಿಲ್ಲ. ತಲೆಯೆತ್ತಲು ಪುರಸೊತ್ತಿದ್ದರೆ ತಾನೇ? ಬಟ್ಟಲುಗಳು ಕೈಯಿಂದ ಕೈಗೆ ಹಾರಿದವು. ಮರ್ಲ್ ತನ್ನ ಕೋಳಿಯನ್ನೇ ಮರೆತು ಮೂರನೇ ಸಲ ಗೆಣಸು ಬಡಿಸಿಕೊಂಡ.

ಆಮೇಲೆ ಬಿಯರ್ ತರಲು ಗ್ಯಾರೇಜಿಗೆ ಹೋದವನು ತಟ್ಟೆಗಳನ್ನು ಎದೆಗವಚಿಕೊಂಡು ಬಂದ. "ವರ್ನಾ, ಇದೇನೇ, ಇನ್ನೊಂದು ಮದುವೆ ಊಟ ಅಲ್ಲಿ ಕೂತಿದೆ?"

ಎಲ್ಲರೂ ಈಗ ಅವಳ ಮುಖ ನೋಡಿದರು.

"ಅಂಗಡಿಯಿಂದ ತಂದೆ," ಅಂದಳು ವರ್ನಾ, ನಾಲಿಗೆ ತಾನಾಗಿ ಹೊರಳಿ. "ಕಡಿಮೆ ಬಿದ್ದರೆ ಇರಲಿ ಅಂತ."

ಮರ್ಲ್ ಬೀನ್ಸನ್ನು ಒಂದು ಚಮಚ ಬಾಯಿಗಿಟ್ಟ. ಬಹಳ ಹೊತ್ತು ಅಗಿದ. ಅವನ ಮುಖದಲ್ಲಿ ಹೆಂಡತಿಯ ಬಗ್ಗೆ ಎಂದೂ ಕಾಣದ ಕರುಣೆ ಮೂಡಿತು.

"ಪಾಪ, ಅಂಗಡಿಯೋರದ್ದೂ ಇದೇ ಹಣೆಬರಹ," ಅಂದ. "ಇಷ್ಟು ವರ್ಷ ನಿನ್ನ ಕೈಯಲ್ಲೇ ದೋಷ ಅಂದ್ಕೊಂಡಿದ್ದೆ ಕಣೇ. ತಪ್ಪಾಯ್ತು."

ಮಗ ನಗು ತಡೆಯಲಾರದೆ ಕೆಮ್ಮಿದ. ಟ್ಯಾಮ್ಸಿನ್ ಎದ್ದು ಮೂರೂ ತಟ್ಟೆಗಳನ್ನು ಕಸದ ಚೀಲಕ್ಕೆ ಬಗ್ಗಿಸಿ, ಅಂಗಡಿಯದ್ದಕ್ಕೆ ಅತ್ತೆ ದುಡ್ಡು ಸುರಿಯಬಾರದಿತ್ತು ಅಂತ ಮೆಲ್ಲಗೆ ಬುದ್ಧಿ ಹೇಳಿದಳು. ಮುಂದಿನ ವರ್ಷ ಹಬ್ಬ ಕಾರ್ಲಿಸ್ ಮನೆಯಲ್ಲಿ ಅಂತ ವರ್ನಾಳನ್ನು ಕೇಳದೆಯೇ ತೀರ್ಮಾನವಾಯಿತು.

"ನಾನೇನು ತರಲಿ?" ಅಂದಳು ವರ್ನಾ.

ಕಾರ್ಲಿಸ್ ಅವಳ ಭುಜ ತಟ್ಟಿದಳು. "ನಿಂಗ್ಯಾಕೆ ಅತ್ತಿಗೆ ತೊಂದ್ರೆ? ಕಾಗದದ ನ್ಯಾಪ್‌ಕಿನ್ ತಂದುಬಿಡು."

ಎಲ್ಲರೂ ಫುಟ್‌ಬಾಲ್ ನೋಡಲು ಎದ್ದರು. ವರ್ನಾ ಒಬ್ಬಳೇ ಉಳಿದು ಕಾರ್ಲಿಸ್‌ಳ ಬಟ್ಟಲಿನ ತಳಕ್ಕಂಟಿದ್ದ ಗೆಣಸನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡಳು. ಹಾಳಾದ್ದು, ರುಚಿಯಾಗಿತ್ತು.